ಸಹಿ ಬಿದ್ದರೆ ಕರಾರಿನ ಕೆಲಸ ಮುಗಿಯಿತೇ? ಕೋಳಿ ಶೆಡ್ಡು, ಅಡಿಕೆ ಖೇಣಿ ಮತ್ತು ಮೂರು ವರ್ಷದ ಲೆಕ್ಕ

ಜಗಳೂರು ಸೀಮೆಯಲ್ಲಿ ಮಳೆಯೊಂದನ್ನೇ ನಂಬಿ ಬದುಕುವುದು ಎಷ್ಟು ಕಷ್ಟ ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಕೈಕೊಟ್ಟ ವರ್ಷವೂ ಮನೆ ನಡೆಯಬೇಕೆಂದರೆ ಇನ್ನೊಂದು ಆದಾಯ ಬೇಕು. ಅದಕ್ಕೇ ಕೆಲವರು ಹೊಲದ ಬದಿಯಲ್ಲಿ ಕೋಳಿ ಶೆಡ್ಡು ಹಾಕಿ ಕಂಪನಿಯ ಮರಿ ಸಾಕುತ್ತಾರೆ, ಕೆಲವರು ಗಾಣದ ಎಣ್ಣೆ ಮಾಡಿ ಪೇಟೆಯ ಅಂಗಡಿಗೆ ಕೊಡುತ್ತಾರೆ, ಇನ್ನು ಕೆಲವರು ವೆಲ್ಡಿಂಗ್ ಶಾಪ್ ಇಟ್ಟು ಶೆಡ್ಡು, ಗೇಟು ಮಾಡಿಕೊಡುತ್ತಾರೆ. ಇದೇ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಗೆ ಬಂದರೆ ಅಡಿಕೆ ಖೇಣಿಯದೇ ದೊಡ್ಡ ವ್ಯವಹಾರ. ಈ ಎಲ್ಲದರ ಹಿಂದೆಯೂ ಒಂದು ಕರಾರು ಇದ್ದೇ ಇರುತ್ತದೆ, ಕಾಗದದ ಮೇಲೋ ಬಾಯಿಮಾತಿನಲ್ಲೋ.

ಕಾಗದದ ಕರಾರಿನ ಗತಿ ಸಾಮಾನ್ಯವಾಗಿ ಹೀಗಿರುತ್ತದೆ. ಕಂಪನಿಯ ಪ್ರತಿನಿಧಿ ಹತ್ತು ಹದಿನೈದು ಪುಟದ ಇಂಗ್ಲಿಷ್ ಕಾಗದ ತರುತ್ತಾರೆ, ಅವರು ತೋರಿಸಿದಲ್ಲೆಲ್ಲ ನೀವು ಸಹಿ ಹಾಕುತ್ತೀರಿ. ಮೂಲ ಪ್ರತಿ ಅವರ ಜೊತೆ ಹೋಗುತ್ತದೆ. ಕೇಳಿ ಪಡೆದರೆ ಒಂದು ಜೆರಾಕ್ಸ್ ಮನೆಗೆ ಬಂದು, ಬೀರುವಿನಲ್ಲಿ ಪಹಣಿ, ಪಾಸ್‌ಬುಕ್‌ಗಳ ಕೆಳಗೆ ಸೇರಿಕೊಳ್ಳುತ್ತದೆ. ಅದು ಮತ್ತೆ ಹೊರಬರುವುದು ಜಗಳ ಶುರುವಾದ ದಿನವೇ.

‘ಸಹಿ ಹಾಕುವಾಗ ಹುಷಾರಾಗಿದ್ದರೆ ಸಾಕು, ಆಮೇಲೆ ಕರಾರು ತನ್ನ ಪಾಡಿಗೆ ತಾನು ನಮ್ಮನ್ನು ಕಾಯುತ್ತದೆ’ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ನಿಜವಲ್ಲ. ಕರಾರಿಗೂ ಹುಟ್ಟು, ಬೆಳವಣಿಗೆ, ಕೊನೆ ಇವೆ. ಸಣ್ಣ ವ್ಯವಹಾರಗಳಲ್ಲಿ ಹೆಚ್ಚಿನ ಹಣ ಸೋರಿಹೋಗುವುದು ಸಹಿಯ ದಿನವಲ್ಲ, ಆಮೇಲಿನ ದಿನಗಳಲ್ಲಿ. ಆ ದಿನಗಳ ಬಗ್ಗೆಯೇ ಈ ಲೇಖನ. ಅದಕ್ಕೆ ಮೊದಲು ಕರಾರಿನ ಹುಟ್ಟಿಗೆ ಅಂಟಿಕೊಂಡಿರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಬಿಡಿಸಿಕೊಳ್ಳೋಣ.

ಬಾಯಿಮಾತಿನ ಕರಾರಿಗೆ ಬೆಲೆಯಿಲ್ಲವೇ?

ಇದೆ. ಭಾರತೀಯ ಕರಾರು ಕಾಯ್ದೆ 1872ರದು. ಅದರ 10ನೇ ಸೆಕ್ಷನ್ ಪ್ರಕಾರ ಒಪ್ಪಂದ ಮಾಡಿಕೊಳ್ಳಲು ಅರ್ಹರಾದ ಇಬ್ಬರು, ಮುಕ್ತ ಮನಸ್ಸಿನಿಂದ, ಪ್ರತಿಫಲ ಇಟ್ಟುಕೊಂಡು, ಕಾನೂನುಬದ್ಧ ಉದ್ದೇಶಕ್ಕಾಗಿ ಒಪ್ಪಿದರೆ ಅದು ಕರಾರು. ಕಾಗದದಲ್ಲೇ ಇರಬೇಕೆಂದು ಬೇರೆ ಕಾನೂನು ಹೇಳಿದ ವಿಷಯಗಳನ್ನು ಬಿಟ್ಟರೆ ಬಾಯಿಮಾತೂ ನಡೆಯುತ್ತದೆ. ‘ಐವತ್ತು ಚೀಲ ಮೆಕ್ಕೆಜೋಳ ಕಳಿಸುತ್ತೇನೆ’, ‘ಆಯ್ತು, ಕಳಿಸು’ ಎಂಬಲ್ಲಿಗೆ ಕರಾರು ಹುಟ್ಟಿತು. ತೊಂದರೆ ಇರುವುದು ಅದನ್ನು ಸಾಬೀತು ಮಾಡುವುದರಲ್ಲಿ. ಯಾವ ದರ, ತೇವಾಂಶಕ್ಕೆ ಎಷ್ಟು ಕಡಿತ, ಹಣ ಯಾವತ್ತು ಎಂದು ಆರು ತಿಂಗಳ ನಂತರ ಕೇಳಿದರೆ ಇಬ್ಬರ ನೆನಪೂ ಬೇರೆ ಬೇರೆ ಹೇಳುತ್ತದೆ.

ಕಾಗದದಲ್ಲಿ ಬರೆದಾದ ಮೇಲಿನ ಕಥೆ ಇದಕ್ಕೆ ತಿರುಗಾಮುರುಗಾ. ಬರೆದ ಕರಾರಿನ ಷರತ್ತಿಗೆ ವಿರುದ್ಧವಾಗಿ ‘ಬಾಯಲ್ಲಿ ಬೇರೆ ಹೇಳಿದ್ದರು’ ಎಂಬ ಸಾಕ್ಷ್ಯವನ್ನು ನ್ಯಾಯಾಲಯ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 94 ಮತ್ತು 95ನೇ ಸೆಕ್ಷನ್‌ಗಳಲ್ಲಿ ಮುಂದುವರಿದಿದೆ. ಆದ್ದರಿಂದ ‘ಅದು ಸುಮ್ಮನೆ ಫಾರ್ಮಾಲಿಟಿ ಸಾರ್, ನಾವು ಹಾಗೆಲ್ಲ ಮಾಡಲ್ಲ’ ಎಂದು ಯಾರಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು ನಕ್ಕರೆ, ‘ಹಾಗಿದ್ದರೆ ಹೊಡೆದುಹಾಕಿ, ಪಕ್ಕದಲ್ಲಿ ಇಬ್ಬರೂ ಸಹಿ ಹಾಕೋಣ’ ಎನ್ನಿ.

ಸ್ಟಾಂಪ್ ಪೇಪರ್, ನೋಟರಿ, ಆರು ತಿಂಗಳು

‘ಸ್ಟಾಂಪ್ ಪೇಪರ್ ಆರು ತಿಂಗಳಿಗೆ ಸತ್ತುಹೋಗುತ್ತದೆ’ ಎಂಬ ಮಾತನ್ನು ನೀವು ಕೇಳಿರುತ್ತೀರಿ. 2008ರಲ್ಲಿ ತಿರುವೇಂಗಡ ಪಿಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅಲ್ಲಿ 1980ರ ಕರಾರನ್ನು 1973 ಮತ್ತು 1978ರಲ್ಲಿ ಕೊಂಡ ಎರಡು ಹಾಳೆಗಳ ಮೇಲೆ ಬರೆಯಲಾಗಿತ್ತು. ಭಾರತೀಯ ಸ್ಟಾಂಪ್ ಕಾಯ್ದೆಯ 54ನೇ ಸೆಕ್ಷನ್‌ನಲ್ಲಿರುವ ಆರು ತಿಂಗಳ ಮಾತು ಬಳಸದ ಸ್ಟಾಂಪ್ ಹಿಂದಿರುಗಿಸಿ ಹಣ ಪಡೆಯುವುದಕ್ಕೆ ಮಾತ್ರ. ಹಳೆಯ ಹಾಳೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು, ಅನುಮಾನಕ್ಕೆ ಒಂದು ಕಾರಣವಾಗಬಹುದು ಅಷ್ಟೆ ಎಂದು ಕೋರ್ಟ್ ಹೇಳಿತು. ಮಹಾರಾಷ್ಟ್ರದಂಥ ಕೆಲವು ರಾಜ್ಯಗಳಲ್ಲಿ ನಿಯಮ ಬೇರೆ ಇದೆ. ನಮ್ಮಲ್ಲಿ ಈಗ ಇ-ಸ್ಟಾಂಪ್ ಬಂದಿದ್ದು, ಎರಡೂ ಪಕ್ಷದವರ ಹೆಸರು, ದಿನಾಂಕ, ಉದ್ದೇಶ ಹಾಳೆಯ ಮೇಲೇ ಮುದ್ರಣವಾಗುತ್ತದೆ. ಹಾಗಾಗಿ ಹಳೆಯ ಹಾಳೆ ಹುಡುಕಿ ತಂದು ಹಿಂದಿನ ದಿನಾಂಕ ಹಾಕುವ ಕಲೆಗೆ ಜಾಗ ಕಡಿಮೆಯಾಗಿದೆ. (ಖಾನಾಪುರದ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ನೆನಪಿರುವವರಿಗೆ ಈ ಬದಲಾವಣೆ ಯಾಕೆ ಬೇಕಿತ್ತೆಂದು ವಿವರಿಸಬೇಕಿಲ್ಲ.)

ಸ್ಟಾಂಪ್ ಶುಲ್ಕ ಕಡಿಮೆ ಕಟ್ಟಿದ್ದರೆ ಕರಾರು ಸುಳ್ಳಾಗುವುದಿಲ್ಲ. ಆದರೆ 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಬಾಕಿ ಶುಲ್ಕ ಮತ್ತು ದಂಡ ಕಟ್ಟುವವರೆಗೆ ಅದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆ ದಂಡ ಕೊರತೆಯ ಹತ್ತು ಪಟ್ಟು. ನೂರಿನ್ನೂರು ಉಳಿಸಲು ಹೋಗಿ ಬೇಕಾದ ದಿನ ಕಾಗದ ಕೈಕಟ್ಟಿ ಕೂರುತ್ತದೆ.

ಇನ್ನು ನೋಟರಿ. ಇಂಥವರು ಸಹಿ ಹಾಕಿದ್ದಾರೆ ಎಂದು ನೋಟರಿ ದೃಢೀಕರಿಸುತ್ತಾರೆ. ಅದು ನೋಂದಣಿ ಅಲ್ಲ. ಕಟ್ಟಿದ ಶೆಡ್ಡನ್ನೋ ಅಂಗಡಿಯನ್ನೋ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬಾಡಿಗೆಗೆ ಕೊಡುವ ಪತ್ರ 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಿ ಕಚೇರಿಯಲ್ಲೇ ನೋಂದಣಿಯಾಗಬೇಕು. ಎಲ್ಲೆಡೆ ಕಾಣುವ ‘11 ತಿಂಗಳ ಅಗ್ರಿಮೆಂಟ್’ನ ಗುಟ್ಟು ಇಷ್ಟೇ. ಐದು ವರ್ಷದ ಬಾಡಿಗೆ ಪತ್ರವನ್ನು ನೋಟರಿ ಮುದ್ರೆಯೊಂದನ್ನೇ ನಂಬಿ ಇಟ್ಟುಕೊಂಡವರು ಆ ಐದು ವರ್ಷದ ಷರತ್ತನ್ನು ಅದರಿಂದ ಸಾಧಿಸಲಾಗದೆ ಪರದಾಡುತ್ತಾರೆ.

ಕೋಳಿ ಶೆಡ್ಡಿನ ಲೆಕ್ಕ: ಮುಕ್ಕಾಲು ಜಗಳ ಹುಟ್ಟುವ ಜಾಗ

ಕಂಪನಿ ಕೋಳಿ ಸಾಕಣೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ, ಕರಾರು ನಡೆಯುವ ಕಾಲದಲ್ಲಿ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಶೆಡ್ಡು, ನೀರು, ಕರೆಂಟು, ದುಡಿಮೆ ರೈತರದು. ಮರಿ, ಫೀಡು, ಔಷಧಿ ಕಂಪನಿಯದು. ಸುಮಾರು ಆರು ವಾರ ಸಾಕಿದ ಮೇಲೆ ಕಂಪನಿಯ ಗಾಡಿ ಬಂದು ಕೋಳಿ ಎತ್ತಿಕೊಂಡು ಹೋಗುತ್ತದೆ. ರೈತರಿಗೆ ಸಿಗುವುದು ಕೋಳಿಯ ಬೆಲೆಯಲ್ಲ, ಕೆಜಿ ಲೆಕ್ಕದ ಸಾಕಣೆ ಕೂಲಿ. ಆ ಕೂಲಿ ಎಷ್ಟೆಂಬುದು ಬಹುತೇಕ ಎಫ್‌ಸಿಆರ್ ಮೇಲೆ ನಿಂತಿರುತ್ತದೆ. ಒಂದು ಕೆಜಿ ಕೋಳಿ ತೂಕ ಬರಲು ಎಷ್ಟು ಕೆಜಿ ಫೀಡು ಹೋಯಿತು ಎಂಬ ಅನುಪಾತವೇ ಎಫ್‌ಸಿಆರ್. ಅದು ಕಡಿಮೆಯಾದಷ್ಟೂ ಕೂಲಿ ಹೆಚ್ಚು.

ಒಂದು ಲೆಕ್ಕ ಮಾಡಿ ನೋಡಿ. 5,000 ಮರಿ ಬಂದವು, 250 ಸತ್ತವು, ಉಳಿದ 4,750 ಕೋಳಿ ಸರಾಸರಿ 2.1 ಕೆಜಿ ತೂಗಿದವು ಎಂದುಕೊಳ್ಳಿ. ಒಟ್ಟು ತೂಕ 9,975 ಕೆಜಿ. ಕಂಪನಿಯ ಲೆಕ್ಕದಲ್ಲಿ 16,000 ಕೆಜಿ ಫೀಡು ಕೊಟ್ಟಿದ್ದಾರೆ. ಎಫ್‌ಸಿಆರ್ ಸುಮಾರು 1.60 ಆಯಿತು. ಆದರೆ ಬ್ಯಾಚಿನ ಕೊನೆಗೆ 50 ಕೆಜಿಯ 12 ಚೀಲ ಉಳಿದಿದ್ದವು, ಅವನ್ನು ಗಾಡಿಯವರು ವಾಪಸ್ ತೆಗೆದುಕೊಂಡು ಹೋದರು, ರಸೀದಿ ಯಾರೂ ಬರೆಯಲಿಲ್ಲ. ಆ 600 ಕೆಜಿ ಕಳೆದರೆ ನಿಜವಾದ ಎಫ್‌ಸಿಆರ್ 1.54. ಈ ವ್ಯತ್ಯಾಸದಿಂದ ಕೂಲಿಯಲ್ಲಿ ಕೆಜಿಗೆ ಬರೀ 50 ಪೈಸೆ ಕಡಿಮೆಯಾದರೂ ಒಂದು ಬ್ಯಾಚಿಗೆ ಹತ್ತಿರಹತ್ತಿರ 5,000 ರೂಪಾಯಿ. ವರ್ಷಕ್ಕೆ ಐದಾರು ಬ್ಯಾಚು ಸಾಕುವವರಿಗೆ ಒಂದು ರಸೀದಿಯ ಅಭ್ಯಾಸ ಇಲ್ಲದ್ದರ ಬೆಲೆ ಇದು. ಇಲ್ಲಿ ಮೋಸ ನಡೆಯಿತೆಂದು ನಾನು ಹೇಳುತ್ತಿಲ್ಲ. ಬರೆಯದೇ ಇದ್ದದ್ದನ್ನು ಒಳ್ಳೆಯ ಮನಸ್ಸಿನ ಸೂಪರ್‌ವೈಸರ್ ಕೂಡ ನೆನಪಿಡಲಾರರು, ಅಷ್ಟರಲ್ಲಿ ಅವರಿಗೆ ಬೇರೆ ಲೈನಿಗೆ ವರ್ಗವೂ ಆಗಿರುತ್ತದೆ.

ಆದ್ದರಿಂದ ಶೆಡ್ಡಿನ ಬಾಗಿಲಲ್ಲೇ ಒಂದು ನೋಟ್‌ಬುಕ್ ನೇತುಹಾಕಿ. ಮರಿ ಇಳಿಸಿದ ದಿನ ಪೆಟ್ಟಿಗೆ ಎಣಿಸಿ, ಸತ್ತೇ ಬಂದ ಮರಿ ಎಷ್ಟೆಂದು ಬರೆದು ಚಾಲಕರ ಸಹಿ ಪಡೆಯಿರಿ. ಫೀಡು ಬಂದಾಗೆಲ್ಲ ಚೀಲದ ಸಂಖ್ಯೆಯ ಜೊತೆ ಒಂದೆರಡು ಚೀಲ ತೂಗಿ ನೋಡಿ. ಪ್ರತಿದಿನ ಸತ್ತ ಕೋಳಿಯ ಲೆಕ್ಕ, ಸೂಪರ್‌ವೈಸರ್ ಬಂದ ದಿನಾಂಕ ಇರಲಿ. ಕೋಳಿ ಎತ್ತುವ ದಿನ ತೂಕದ ಚೀಟಿಯ ಫೋಟೋ ಗಾಡಿ ಹೊರಡುವ ಮೊದಲೇ ನಿಮ್ಮ ಫೋನಿನಲ್ಲಿರಲಿ.

ಎತ್ತುವ ದಿನದ ಬಗ್ಗೆ ಇನ್ನೊಂದು ಮಾತು. ಮಾರುಕಟ್ಟೆ ಬಿದ್ದಾಗ ಕಂಪನಿ ಕೋಳಿ ಎತ್ತುವುದನ್ನು ನಾಲ್ಕಾರು ದಿನ ಮುಂದೂಡಬಹುದು. ತೂಕ ಬಂದ ಕೋಳಿ ಆಮೇಲೆ ತಿಂದ ಫೀಡಿಗೆ ತಕ್ಕಷ್ಟು ಬೆಳೆಯುವುದಿಲ್ಲ, ಎಫ್‌ಸಿಆರ್ ಏರುತ್ತದೆ. ಏಪ್ರಿಲ್‌ನ ಧಗೆಯಲ್ಲಿ ದಪ್ಪ ಕೋಳಿಗಳೇ ಮೊದಲು ಸಾಯುತ್ತವೆ. ಈ ನಷ್ಟ ಯಾರದು? ಸಹಿ ಹಾಕುವ ಮೊದಲು ಕರಾರಿನಲ್ಲಿ ಹುಡುಕಬೇಕಾದ ಸಾಲು ಇದೇ: ‘ಇಷ್ಟು ದಿನದೊಳಗೆ ಎತ್ತದಿದ್ದರೆ ಆಮೇಲಿನ ಸಾವು ಮತ್ತು ಫೀಡು ಕಂಪನಿಯ ಲೆಕ್ಕಕ್ಕೆ’. ಇಲ್ಲದಿದ್ದರೆ ಸೇರಿಸಲು ಕೇಳಿ. ಒಪ್ಪದೇ ಹೋಗಬಹುದು, ಒಬ್ಬೊಬ್ಬರೇ ಕೇಳಿದರೆ ಬಹುಶಃ ಒಪ್ಪುವುದೂ ಇಲ್ಲ. ಒಂದೇ ಲೈನಿನ ಹತ್ತು ಶೆಡ್ಡಿನವರು ಕೂಡಿ ಕೇಳಿದರೆ ಮಾತಿನ ತೂಕ ಬೇರೆ.

ಅಂದಹಾಗೆ, ಒಪ್ಪಂದ ಕೃಷಿಗೆಂದೇ 2020ರಲ್ಲಿ ಕೇಂದ್ರ ತಂದಿದ್ದ ಕಾಯ್ದೆ ಉಳಿದೆರಡು ಕೃಷಿ ಕಾಯ್ದೆಗಳ ಜೊತೆ 2021ರ ಕೊನೆಗೆ ರದ್ದಾಗಿದೆ. ಅದರಲ್ಲಿದ್ದ ಉಪವಿಭಾಗಾಧಿಕಾರಿ ಮಟ್ಟದ ವ್ಯಾಜ್ಯ ಪರಿಹಾರವನ್ನು ಈಗ ಯಾರೂ ನೆಚ್ಚಿಕೊಳ್ಳುವಂತಿಲ್ಲ.

ಭದ್ರತೆಗೆ ಕೊಟ್ಟ ಖಾಲಿ ಚೆಕ್

‘ಸುಮ್ಮನೆ ಭದ್ರತೆಗೆ’ ಎಂದು ಸಹಿ ಮಾಡಿದ ಖಾಲಿ ಚೆಕ್ ಪಡೆಯುವ ರೂಢಿ ಅನೇಕ ವ್ಯವಹಾರಗಳಲ್ಲಿದೆ. ಖಾಲಿ ಚೆಕ್ಕಿಗೆ ಕೇಸ್ ನಿಲ್ಲುವುದಿಲ್ಲ ಎಂಬ ಧೈರ್ಯವೂ ಜೊತೆಗಿರುತ್ತದೆ. ಇದು ಅಪಾಯದ ನಂಬಿಕೆ. 2019ರ ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಇನ್ನೊಬ್ಬರು ತುಂಬಿಸಿದ್ದರೂ ಅದು ಸಾಲ ತೀರಿಸಲೆಂದೇ ಕೊಟ್ಟದ್ದು ಎಂಬ ಪೂರ್ವಭಾವನೆ ಅನ್ವಯಿಸುತ್ತದೆ ಎಂದಿತು. ಅಂದರೆ ಸಾಲ ಇರಲಿಲ್ಲ ಎಂದು ತೋರಿಸುವ ಹೊರೆ ಸಹಿ ಹಾಕಿದವರ ಮೇಲೆ ಬೀಳುತ್ತದೆ. ಇದಕ್ಕೆ ಜೋಡಿಯಾಗಿ 2022ರ ಇನ್ನೊಂದು ತೀರ್ಪು ಓದಬೇಕು: ಚೆಕ್ ಕೊಟ್ಟ ಮೇಲೆ ಸಾಲದ ಒಂದು ಭಾಗ ತೀರಿದ್ದರೆ, ಅದನ್ನು ಚೆಕ್ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿ ಬೌನ್ಸ್ ಮಾಡಿಸಿದರೆ ಚೆಕ್ ಬೌನ್ಸ್ ಪ್ರಕರಣ ನಿಲ್ಲದು. ಆದರೆ ತೀರಿಸಿದ್ದಕ್ಕೆ ನಿಮ್ಮ ಬಳಿ ಪುರಾವೆ ಇರಬೇಕಲ್ಲ?

ಕೊಡಲೇಬೇಕಾಗಿ ಬಂದರೆ ಚೆಕ್ಕಿನ ನಂಬರನ್ನು ಕರಾರಿನಲ್ಲೇ ಬರೆಸಿ, ಯಾವ ಉದ್ದೇಶಕ್ಕೆ, ಗರಿಷ್ಠ ಎಷ್ಟು ಮೊತ್ತಕ್ಕೆ, ಯಾವಾಗ ವಾಪಸ್ ಎಂದು ಸೇರಿಸಿ. ಕರಾರು ಮುಗಿಯುವ ದಿನದ ಪಟ್ಟಿಯಲ್ಲಿ ಆ ಚೆಕ್ಕೇ ಮೊದಲನೆಯದಾಗಿರಲಿ.

ಒಂದು ದಿನಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ

ದಿನಾಂಕಗಳನ್ನು ದೊಡ್ಡವರೂ ಸರಿಯಾಗಿ ನೋಡುವುದಿಲ್ಲ. ದಾವಣಗೆರೆ ಜಿಲ್ಲೆಗೂ ಕರೆಂಟ್ ಕೊಡುವ ಬೆಸ್ಕಾಂ ಮತ್ತು ಒಂದು ಸೋಲಾರ್ ಕಂಪನಿ 2016ರಲ್ಲಿ ವಿದ್ಯುತ್ ಖರೀದಿ ಕರಾರು ಮಾಡಿಕೊಂಡವು. ಕರಾರು ಜಾರಿಗೆ ಬಂದ ದಿನದಿಂದ 12 ತಿಂಗಳೊಳಗೆ ಉತ್ಪಾದನೆ ಶುರುವಾಗಬೇಕಿತ್ತು, ಇಲ್ಲದಿದ್ದರೆ ಯೂನಿಟ್ ದರ ಇಳಿಯುತ್ತಿತ್ತು. ಜಾರಿಗೆ ಬಂದ ಆ ಮೊದಲ ದಿನವನ್ನು 12 ತಿಂಗಳ ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂಬುದೇ ಜಗಳವಾಯಿತು. ಹಿಡಿದರೆ ಕಂಪನಿ ಒಂದು ದಿನ ತಡ, ಬಿಟ್ಟರೆ ಸರಿಯಾದ ಸಮಯಕ್ಕೆ. ಈ ಒಂದು ದಿನ ಮೇಲ್ಮನವಿ ನ್ಯಾಯಮಂಡಳಿ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2021ರಲ್ಲಿ ತೀರ್ಪು ಕಂಪನಿಯ ಪರ ಬಂತು, ಮೊದಲ ದಿನ ಲೆಕ್ಕಕ್ಕಿಲ್ಲ ಎಂದು.

ಅವರಿಗೆ ವಕೀಲರ ದಂಡೇ ಇತ್ತು. ನಮ್ಮ ನಿಮ್ಮಂಥವರಿಗೆ ಸುಲಭದ ದಾರಿ ಎಂದರೆ ‘12 ತಿಂಗಳೊಳಗೆ’ ಎಂದು ಬರೆಯುವ ಬದಲು ‘ಇಂಥ ತಾರೀಕಿನ ಸಂಜೆ 5ರೊಳಗೆ’ ಎಂದು ಬರೆಯುವುದು. ಕರಾರಿನಲ್ಲಿರುವ ಎಲ್ಲ ತಾರೀಕುಗಳನ್ನೂ ಸಹಿ ಹಾಕಿದ ದಿನವೇ ಗೋಡೆಯ ಕ್ಯಾಲೆಂಡರಿಗೆ ಇಳಿಸಿ. ಅದರಲ್ಲೂ ‘ಮುಗಿಯುವ 60 ದಿನ ಮೊದಲು ಬೇಡವೆಂದು ತಿಳಿಸದಿದ್ದರೆ ತಾನಾಗಿಯೇ ಮುಂದುವರಿಯುತ್ತದೆ’ ಎಂಬ ಸಾಲಿದ್ದರೆ ಆ ಅರವತ್ತನೇ ದಿನಕ್ಕೆ ಕೆಂಪು ಗೆರೆ ಎಳೆಯಿರಿ. ಕರಾರು ಮುಗಿಯುವ ತಾರೀಕು ಎಲ್ಲರಿಗೂ ನೆನಪಿರುತ್ತದೆ, ಅದಕ್ಕಿಂತ ಎರಡು ತಿಂಗಳು ಮೊದಲಿನ ಈ ತಾರೀಕು ಯಾರಿಗೂ ನೆನಪಿರುವುದಿಲ್ಲ.

ನಡುವೆ ಮಾತು ಬದಲಾದರೆ?

ಬದಲಾಗುತ್ತದೆ, ಬದಲಾಗಲೇಬೇಕು. ಮಳೆ ಬಂದು ಕೆಲಸ ನಿಲ್ಲುತ್ತದೆ, ಕಬ್ಬಿಣದ ದರ ಏರುತ್ತದೆ, ಅಳತೆ ಹೆಚ್ಚಾಗುತ್ತದೆ. ಇಬ್ಬರೂ ಒಪ್ಪಿದರೆ ಹಳೆ ಕರಾರಿನ ಬದಲು ಹೊಸದು ಮಾಡಿಕೊಳ್ಳಲು, ಷರತ್ತು ಬದಲಿಸಲು ಕಾಯ್ದೆಯ 62ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಫೋನಿನಲ್ಲಿ ಮಾತಾಡಿ ಮುಗಿಸಬೇಡಿ. ಮಾತಾಡಿ, ಆಮೇಲೆ ಅದನ್ನೇ ಒಂದು ಮೆಸೇಜ್ ಮಾಡಿ: ‘ನಿನ್ನೆ ಮಾತಾಡಿದಂತೆ ಶೆಡ್ಡಿನ ಉದ್ದ 100 ಅಡಿಯಿಂದ 120 ಅಡಿ, ಹೆಚ್ಚುವರಿ ಇಷ್ಟು ರೂಪಾಯಿ, ಮುಗಿಸುವುದು ಈ ತಾರೀಕಿಗೆ. ಸರಿ ಇದೆಯಾ?’ ಆ ಕಡೆಯಿಂದ ‘ಸರಿ’ ಬಂದರೆ ನಿಮ್ಮ ಕೈಯಲ್ಲಿ ಒಂದು ಆಧಾರ ಇದ್ದಂತೆ.

ವಾಟ್ಸ್‌ಆ್ಯಪ್ ಕೋರ್ಟಿನಲ್ಲಿ ನಡೆಯುತ್ತದೆಯೇ? ನಡೆಯುತ್ತದೆ. ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಕಾರಣಕ್ಕೆ ಕರಾರು ಅಸಿಂಧುವಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಹೇಳುತ್ತದೆ. ಆದರೆ ಸ್ಕ್ರೀನ್‌ಶಾಟ್‌ನ ಪ್ರಿಂಟ್ ಒಂದೇ ಸಾಲದು, ಅದರ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಮೆಸೇಜ್ ಇರುವ ಫೋನನ್ನು ಮಾರಿ, ಫಾರ್ಮ್ಯಾಟ್ ಮಾಡಿ ಕೂತರೆ ಕಷ್ಟ. ತನ್ನಷ್ಟಕ್ಕೆ ಅಳಿಸಿಹೋಗುವ ಮೆಸೇಜ್ ಆಯ್ಕೆಯನ್ನು ವ್ಯವಹಾರದ ಚಾಟಿನಲ್ಲಿ ಆಫ್ ಮಾಡಿಡಿ.

ಅಡಿಕೆ ಖೇಣಿ: ದರ ಬಿದ್ದರೆ ಕರಾರು ಬೀಳುತ್ತದೆಯೇ?

ಚನ್ನಗಿರಿ, ಹೊನ್ನಾಳಿ ಕಡೆ ತೋಟದ ಫಸಲನ್ನು ಕೊಯ್ಲಿಗೆ ಮೊದಲೇ ಖೇಣಿದಾರರಿಗೆ ಕೊಡುತ್ತಾರೆ, ಚೇಣಿ ಎಂದೂ ಅನ್ನುತ್ತಾರೆ. ಇಡೀ ತೋಟಕ್ಕೆ ಇಂತಿಷ್ಟು ಎಂದು ಒಂದು ಬಗೆ. ಹಸಿ ಅಡಿಕೆ ತೂಗಿ ಕ್ವಿಂಟಲ್‌ಗೆ ಇಷ್ಟು ಎಂದು ಇನ್ನೊಂದು. ಕ್ವಿಂಟಲ್ ಹಸಿಗೆ ಇಂತಿಷ್ಟು ಕೆಜಿ ಒಣ ಅಡಿಕೆ ವಾಪಸ್ ಎಂಬುದು ಮತ್ತೊಂದು. ಮೂರರಲ್ಲೂ ಅಪಾಯ ಬೇರೆ ಬೇರೆಯವರ ತಲೆಗೆ ಹೋಗುತ್ತದೆ. ಇಡೀ ತೋಟಕ್ಕೆ ಒಂದೇ ಮೊತ್ತ ಎಂದರೆ ಕಾಯಿ ಉದುರಿದ ನಷ್ಟವೂ ದರ ಕುಸಿದ ನಷ್ಟವೂ ಖೇಣಿದಾರರದು. ಒಣ ಅಡಿಕೆ ವಾಪಸ್ ಎಂದರೆ ದರದ ಏರಿಳಿತ ತೋಟದವರಿಗೇ ಉಳಿಯುತ್ತದೆ.

ದರ ಕುಸಿದಾಗ ‘ಪರಿಸ್ಥಿತಿ ಬದಲಾಯಿತು, ಕರಾರು ಮುರಿಯಿತು’ ಎಂಬ ಮಾತು ಬರುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. ಕರಾರು ಪಾಲಿಸುವುದು ಅಸಾಧ್ಯವಾದರೆ ಮಾತ್ರ 56ನೇ ಸೆಕ್ಷನ್ ಬಿಡುಗಡೆ ಕೊಡುತ್ತದೆ. ನಷ್ಟವಾಯಿತು, ಹೊರೆಯಾಯಿತು ಎಂಬುದು ಅಸಾಧ್ಯವಲ್ಲ. ಲೆಕ್ಕಾಚಾರ ಮೀರಿ ಬೆಲೆ ಬದಲಾದ ಮಾತ್ರಕ್ಕೆ ಕರಾರಿನಿಂದ ಕೈತೊಳೆದುಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 1960ರಲ್ಲೇ ಅಲೋಪಿ ಪರ್ಶಾದ್ ಪ್ರಕರಣದಲ್ಲಿ ಹೇಳಿದೆ. ದರದ ಭಯ ಇದ್ದರೆ ಅದಕ್ಕೆ ಮೊದಲೇ ಸಾಲು ಬರೆಯಬೇಕು. ಉದಾಹರಣೆಗೆ, ‘ಪ್ರತಿ ಕೊಯ್ಲಿನ ದಿನ ಚನ್ನಗಿರಿ ತುಮ್ಕೋಸ್‌ನಲ್ಲಿ ಇದ್ದ ರಾಶಿ ಅಡಿಕೆ ದರ ಆಧಾರ, ಅದು ಇಷ್ಟಕ್ಕಿಂತ ಇಳಿದರೆ ವ್ಯತ್ಯಾಸ ಇಬ್ಬರಿಗೂ ಅರ್ಧರ್ಧ’. ಇಬ್ಬರೂ ನಂಬುವ ಮೂರನೆಯವರ ದರಪಟ್ಟಿ ಇದ್ದರೆ ಕಟ್ಟೆಯ ಮೇಲಿನ ವಾದ ಅರ್ಧ ಕಡಿಮೆಯಾಗುತ್ತದೆ.

ಖೇಣಿ ಪತ್ರಕ್ಕೆ ನೋಂದಣಿ ಬೇಕೇ ಎಂದು ಕೇಳುವವರಿದ್ದಾರೆ. ಮರದ ಮೇಲಿನ ಫಲವನ್ನು ನೋಂದಣಿ ಕಾಯ್ದೆ ಚರ ಆಸ್ತಿ ಎಂದೇ ಎಣಿಸುತ್ತದೆ, ಆದ್ದರಿಂದ ಫಸಲು ಮಾತ್ರ ಮಾರಿದ್ದಕ್ಕೆ ಬೇಕಿಲ್ಲ. ಆದರೆ ಪತ್ರದಲ್ಲಿ ‘ತೋಟವನ್ನು ಗುತ್ತಿಗೆಗೆ ಕೊಟ್ಟಿದ್ದೇನೆ’ ಎಂದು ಬರೆದುಬಿಟ್ಟರೆ ಚಿತ್ರವೇ ಬೇರೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಸೈನಿಕರು, ನಾವಿಕರ ಜಮೀನಿನಂಥ ವಿನಾಯಿತಿ ಬಿಟ್ಟು ಕೃಷಿ ಜಮೀನು ಗೇಣಿಗೆ ಕೊಡುವುದನ್ನೇ ನಿಷೇಧಿಸಲಾಗಿದೆ. ಊರೂರಲ್ಲಿ ಗುತ್ತಿಗೆ, ಕೋರು ನಡೆಯುತ್ತಲೇ ಇದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕಾನೂನು ನಿಷೇಧಿಸಿದ್ದನ್ನು ಎಷ್ಟು ಬೆಲೆಯ ಸ್ಟಾಂಪ್ ಮೇಲೆ ಬರೆದರೂ ನ್ಯಾಯಾಲಯ ಜಾರಿ ಮಾಡಿಸುವುದಿಲ್ಲ. ಮಾರಿದ್ದು ಫಸಲೋ ಕೊಟ್ಟದ್ದು ಜಮೀನೋ ಎಂಬುದು ಒಂದು ಪದದಲ್ಲಿ ನಿಂತಿದೆ.

ಬಾಕಿ ಹಣಕ್ಕೆ ಎಷ್ಟು ದಿನ ಕಾಯಬಹುದು?

‘ಕೊಡ್ತೀನಿ, ಎಲ್ಲಿ ಹೋಗ್ತೀನಿ’ ಎಂಬ ಮಾತಿಗೆ ಕಾನೂನಿನಲ್ಲಿ ಆಯಸ್ಸು ಮೂರು ವರ್ಷ. 1963ರ ಕಾಲಮಿತಿ ಕಾಯ್ದೆಯಂತೆ ಕರಾರು ಮುರಿದ, ಹಣ ಕೊಡಬೇಕಿದ್ದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕು. ನೀವು ಪ್ರತಿ ವರ್ಷ ಮರೆಯದೆ ನೋಟಿಸ್ ಕಳಿಸುತ್ತಿದ್ದೀರಿ ಎಂಬುದರಿಂದ ಈ ಅವಧಿ ಒಂದು ದಿನವೂ ಬೆಳೆಯುವುದಿಲ್ಲ. ಇದು ಬಹಳ ಜನ ಎಡವುವ ಜಾಗ. ಅವಧಿ ಹೊಸದಾಗಿ ಶುರುವಾಗುವುದು ಕೊಡಬೇಕಾದವರು ಏನಾದರೂ ಮಾಡಿದಾಗ: ಮೂರು ವರ್ಷ ಮುಗಿಯುವ ಮೊದಲು ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ, ಅಥವಾ ಸ್ವಲ್ಪ ಹಣ ಕೊಟ್ಟು ಅದಕ್ಕೆ ಅವರ ಕೈಬರಹವೋ ಸಹಿಯೋ ಇದ್ದರೆ. ಆದ್ದರಿಂದ ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಯ ಅಂಗಡಿ ಪೂಜೆಗೋ, ಲೆಕ್ಕದ ಒಂದು ಹಾಳೆ ಮಾಡಿ ‘ಇಲ್ಲಿಯವರೆಗಿನ ಬಾಕಿ ಇಷ್ಟು’ ಎಂದು ಸಹಿ ಪಡೆಯುವುದು ಜಗಳವಿಲ್ಲದ ಒಳ್ಳೆಯ ರೂಢಿ. ಸಿಟ್ಟಾಗುವವರು ಕಡಿಮೆ, ಹಬ್ಬದ ಲೆಕ್ಕ ಎಲ್ಲರಿಗೂ ಒಪ್ಪಿತ.

ಗಾಣ, ವೆಲ್ಡಿಂಗ್, ಹೊಲಿಗೆ, ರಿಪೇರಿಯಂಥ ಸಣ್ಣ ಉದ್ಯಮ ನಡೆಸುವವರ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಸರಕು, ಸೇವೆ ಪಡೆದವರು ಬರೆದ ಕರಾರಿಲ್ಲದಿದ್ದರೆ 15 ದಿನದೊಳಗೆ, ಇದ್ದರೆ ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಆದರೆ ಅದು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. ‘90 ದಿನಕ್ಕೆ ಪೇಮೆಂಟ್’ ಎಂದು ಕರಾರಿನಲ್ಲೇ ಬರೆಸಿಕೊಂಡಿದ್ದರೂ ಈ ಮಿತಿ ಬದಲಾಗದು. ದೂರನ್ನು ಆನ್‌ಲೈನ್‌ನಲ್ಲಿ ಕೊಡಬಹುದು. ಆದರೆ ಉದ್ಯಮ್ ನೋಂದಣಿ ಸರಕು ಕೊಡುವ ಮೊದಲೇ ಆಗಿರಲಿ, ಹಣ ನಿಂತ ಮೇಲೆ ನೋಂದಣಿಗೆ ಓಡಿದರೆ ಹಳೆಯ ಬಿಲ್ಲಿಗೆ ಅದು ಸಿಗುವ ಭರವಸೆಯಿಲ್ಲ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೂ, ಬೆಳೆ ಬೆಳೆಯುವ ಮತ್ತು ಕೋಳಿ ಸಾಕುವ ರೈತರಿಗೂ ಈ ದಾರಿ ತೆರೆದಿಲ್ಲ. ನಿಜ ಹೇಳಬೇಕೆಂದರೆ ಇದು ಅನ್ಯಾಯ ಎಂದು ನನಗೆ ಅನ್ನಿಸುತ್ತದೆ, ಹೆಚ್ಚು ಕಾಯುವವರು ಅವರೇ.

ಮುಗಿಸುವುದೂ ಒಂದು ಕೆಲಸ

ಕರಾರಿನ ಅವಧಿ ಮುಗಿದರೆ ಸಂಬಂಧ ತಾನಾಗಿ ಮುಗಿಯುವುದಿಲ್ಲ. ಕೊನೆಯ ಲೆಕ್ಕಕ್ಕೆ ಇಬ್ಬರ ಸಹಿ, ಭದ್ರತೆಯ ಚೆಕ್ ವಾಪಸ್, ಕಂಪನಿಯ ಸಾಮಾನು ಮರಳಿಸಿದ್ದಕ್ಕೆ ರಸೀದಿ, ‘ಬಾಕಿ ಇಲ್ಲ’ ಎಂಬ ಪತ್ರ, ಇಷ್ಟೂ ಕೈಗೆ ಬರಬೇಕು. ಹಣ ಪೂರ್ತಿ ಸಿಗುವ ಮೊದಲೇ ‘ಪೂರ್ಣ ಮತ್ತು ಅಂತಿಮ’ ಎಂಬ ಕಾಗದಕ್ಕೆ ಸಹಿ ಕೇಳಿದರೆ, ಸಿಕ್ಕ ಮೊತ್ತ ಬರೆದು ‘ಉಳಿದದ್ದಕ್ಕೆ ತಕರಾರು ಇದೆ’ ಎಂದು ಪಕ್ಕದಲ್ಲಿ ಸೇರಿಸಿ ಸಹಿ ಹಾಕಿ. ಆ ಕಡತವನ್ನು ಕೊನೆಯ ವ್ಯವಹಾರದ ದಿನದಿಂದ ಕನಿಷ್ಠ ಮೂರು ವರ್ಷವಾದರೂ ಇಟ್ಟುಕೊಳ್ಳಿ. ತೆರಿಗೆ, ಸಾಲದ ಕಾಗದಗಳಾದರೆ ಇನ್ನೂ ಹೆಚ್ಚು.

ಜಗಳವೇ ಆದರೆ ಮೊದಲು ಕರಾರಿನ ಕೊನೆಯ ಪುಟ ತೆಗೆಯಿರಿ. ‘ಎಲ್ಲ ವ್ಯಾಜ್ಯಗಳೂ ಇಂಥ ಊರಿನ ನ್ಯಾಯಾಲಯಕ್ಕೆ ಮಾತ್ರ’ ಎಂಬ ಸಾಲು ಅಲ್ಲಿರುತ್ತದೆ. ಕಾನೂನಿನಂತೆ ಅಧಿಕಾರವಿರುವ ಎರಡು ಮೂರು ನ್ಯಾಯಾಲಯಗಳಲ್ಲಿ ಒಂದನ್ನು ಕರಾರಿನಲ್ಲಿ ಆರಿಸಿಕೊಳ್ಳಬಹುದು, ಏನೇನೂ ಸಂಬಂಧವಿಲ್ಲದ ಊರಿನ ನ್ಯಾಯಾಲಯಕ್ಕೆ ಅಧಿಕಾರ ಹುಟ್ಟಿಸಲಾಗದು. ‘ಕಂಪನಿ ನೇಮಿಸಿದ ಒಬ್ಬರೇ ಮಧ್ಯಸ್ಥಗಾರರು’ ಎಂದಿದ್ದರೂ ಹೆದರಬೇಕಿಲ್ಲ. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವ ಪಕ್ಷ ತಾನೊಬ್ಬನೇ ಏಕೈಕ ಮಧ್ಯಸ್ಥಗಾರನನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, 2024ರಲ್ಲಿ ಸಂವಿಧಾನ ಪೀಠವೂ ಅದೇ ದಾರಿಯಲ್ಲಿ ನಡೆದಿದೆ.

ನೋಟಿಸ್ ಕಳಿಸುವ ಮೊದಲು ಒಮ್ಮೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆಯೇ, ಉಳಿದವರಿಗೆ ಆದಾಯದ ಮಿತಿಯೊಳಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ಕೋರ್ಟಿನಲ್ಲಿ ಈಗಾಗಲೇ ಇರುವ ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಆ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಹೋಗುವಾಗ ಬೀರುವಿನಲ್ಲಿರುವ ಜೆರಾಕ್ಸ್ ಜೊತೆಗೆ ಶೆಡ್ಡಿನ ಬಾಗಿಲಲ್ಲಿ ನೇತಾಡುವ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ. ವಕೀಲರು ಮೊದಲು ಕೇಳುವುದು ಅದನ್ನೇ.